ಊರಿಗೆ ಮರಳುವ ಮುನ್ನ ಐದು ದಿನ

ಆನೇಕಲ್ಲನ್ನು ಹಿಂದೆ ಬಿಟ್ಟು ಚಂದಾಪುರದ ರಸ್ತೆಗೆ ಬರುವ ಹೊತ್ತಿಗೆ ನಾವು ಧಾರವಾಡದ ಮನೆಯಿಂದ ಹೊರಟು ಇಪ್ಪತ್ತಾರು ದಿನಗಳಾಗಿದ್ದವು. ಯಲ್ಲಾಪುರ, ಅರಬೈಲು ಘಟ್ಟ, ಕಾರವಾರ. ಅಲ್ಲಿಂದ ಕಡಲಿನ ಮಗ್ಗುಲು ಹಿಡಿದು ಮಂಗಳೂರು. ಸಂಪಾಜೆಯ ಘಟ್ಟ ಹತ್ತಿ ಮಡಿಕೇರಿ. ಮೈಸೂರು, ಚಾಮರಾಜನಗರ, ಕೊಳ್ಳೇಗಾಲ, ಕನಕಪುರ. ಹೀಗೆ ಸುಮಾರು 900 ಕಿಲೋಮೀಟರು ಸೈಕಲ್ಲಿನ ಮೇಲೆಯೇ ಸಾಗಿ ಬಂದಿದ್ದೆವು. ಸಂಪಾಜೆಯಲ್ಲಿ ಸೈಕಲ್ಲು ನಮ್ಮನ್ನು ಹೊತ್ತದ್ದಕ್ಕಿಂತ ನಾವು ಸೈಕಲ್ಲನ್ನು ತಳ್ಳಿದ್ದೇ ಹೆಚ್ಚು. ಆದರೂ ಲೆಕ್ಕಕ್ಕೆ ಲೆಕ್ಕವೇ.

ಅರವತ್ತರ ಅಂಚಿನಲ್ಲಿರುವ ಗಂಡಹೆಂಡಿರು ಇಂಥ ಸಾಹಸಕ್ಕೆ ಹೊರಟರೆಂದು ವಾಚಕರು ಹುಬ್ಬೇರಿಸಬೇಕಾಗಿಲ್ಲ. ವರ್ಕ್‌ಮನ್ ಎಂಬ ಅಮೆರಿಕದ ದಂಪತಿಗಳು, ಫ್ಯಾನಿ ಮತ್ತು ವಿಲಿಯಂ, 1897ರಿಂದ ಮೊದಲ್ಗೊಂಡು ಎರಡು ಮೂರು ವರ್ಷ ಭಾರತ, ಸಿಂಹಳ, ಜಾವಾ ಮೊದಲಾದ ಕಡೆಗಳಲ್ಲಿ ಸೈಕಲ್ಲಿನಲ್ಲಿ ಸಂಚರಿಸಿದರು. ಒಟ್ಟು 14,000 ಮೈಲಿಗಳೆಂದು ಅವರು ಬರೆದ ಪುಸ್ತಕದ ಹೆಸರಿನಲ್ಲಿಯೇ ಇದೆ. ಅಂದಿನ ದಾರಿಗಳು ಎಂಥವು, ಅಂದಿನ ಟೈರುಗಳು ಎಂಥವು ಎಂದು ಯೋಚಿಸಿದರೆ ನಮ್ಮದು ಅಂಗಳ ಸುತ್ತಿದಂತೆ. ಆ ಮಹಾತಾಯಿ ಉದ್ದನೆಯ ಲಂಗ ತೊಟ್ಟೇ ಸೈಕಲ್ಲು ತುಳಿದಳು. ನಾನಾದರೋ ಸೀರೆಯನ್ನು ಮನೆಯಲ್ಲಿಯೇ ಮಡಿಸಿಟ್ಟು ಚೂಡಿದಾರಿನಲ್ಲಿ ಹೊರಟವಳು.

ಹೊರಡುವಾಗ ನಾವಿಬ್ಬರೂ ಒಂದು ಕರಾರು ಮಾಡಿಕೊಂಡಿದ್ದೆವು. ಇಬ್ಬರಲ್ಲಿ ಯಾರೊಬ್ಬರು "ಸಾಕು" ಎಂದರೂ ಅಲ್ಲಿಗೆ ಸಾಕು. ಇನ್ನೊಬ್ಬರು ವಾದ ಮಾಡಕೂಡದು, ಮುಖ ಸಣ್ಣದು ಮಾಡಿಕೊಳ್ಳಕೂಡದು, ಮುಂದೆ ಹತ್ತು ವರ್ಷ ಅದನ್ನು ಆಡಿ ತೋರಿಸಲೂ ಕೂಡದು. ಮೂರನೆಯ ಷರತ್ತು ನನ್ನದು. ಏಕೆಂದು ಗೃಹಿಣಿಯರು ಬಲ್ಲರು. ಕೊಳ್ಳೇಗಾಲದಿಂದ ಈಚೆಗೆ ನನ್ನ ಬಲಮೊಣಕಾಲು ಸಂಜೆಯಾದೊಡನೆ ಬಾತುಕೊಳ್ಳುತ್ತಿತ್ತು. ಬಿಸಿನೀರು, ಎಣ್ಣೆ, ಬಟ್ಟೆಯ ಪಟ್ಟಿ ಎಲ್ಲವೂ ಆಯಿತು. "ಸಾಕು" ಎಂಬ ಮಾತು ನಾಲಿಗೆಯ ತುದಿಗೆ ಬಂದು ಹಿಂದಿರುಗುತ್ತಿತ್ತು. ಇವರು ರಾತ್ರಿ ನನ್ನ ಮೊಣಕಾಲನ್ನು ನೋಡುವರು, ಏನೂ ಕೇಳರು. ಕೇಳಿದರೆ ನಾನು ಹೇಳಿಬಿಟ್ಟೇನೆಂಬ ಅಂಜಿಕೆ.

ಅಂಜಿಕೆಗೆ ಕಾರಣವಿತ್ತು. ಕನಕಪುರದಿಂದ ನೆಟ್ಟಗೆ ಬೆಂಗಳೂರು ಸೇರಿ ರೈಲು ಹತ್ತಿದ್ದರೆ ಪ್ರಯಾಣ ಸುಖವಾಗಿ ಮುಗಿಯುತ್ತಿತ್ತು. ಆದರೆ ಇವರಿಗೆ ಪೀಣ್ಯವನ್ನು ನೋಡಬೇಕಾಗಿತ್ತು. ಧಾರವಾಡದ ಐ.ಟಿ.ಐ.ಯಲ್ಲಿ ಟರ್ನರ್ ಕೆಲಸ ಕಲಿತು 1981ರಲ್ಲಿ ಬೆಂಗಳೂರಿಗೆ ಬಂದ ಇವರು ಐದು ವರ್ಷ ಪೀಣ್ಯದ ಒಂದು ಪುಟ್ಟ ಕಾರ್ಖಾನೆಯಲ್ಲಿ ಲೇತ್ ನಡೆಸಿದರು. ದಾಸರಹಳ್ಳಿಯಲ್ಲಿ ನಾಲ್ವರು ಸೇರಿ ಹಿಡಿದ ಒಂದು ಕೋಣೆ. ಓಡಾಟಕ್ಕೊಂದು ಹಳೆಯ ಹರ್ಕ್ಯುಲಿಸ್ ಸೈಕಲ್ಲು. ಮಾವನವರು ಹಾಸಿಗೆ ಹಿಡಿದಾಗ ಸೈಕಲ್ಲನ್ನು ಮಾರಿ ಊರಿಗೆ ಮರಳಿದರು. ಮರುವರ್ಷ ನಮ್ಮ ಮದುವೆ. ಆ ಐದು ವರ್ಷಗಳ ಕಥೆಗಳನ್ನು ನಾನು ಕೇಳಿ ಕೇಳಿ ಬಾಯಿಪಾಠ ಮಾಡಿಕೊಂಡಿದ್ದೇನೆ. ಸ್ಥಳವನ್ನು ಮಾತ್ರ ಕಂಡಿರಲಿಲ್ಲ. ಅಣ್ಣನ ಮಗ ವೈಟ್‌ಫೀಲ್ಡಿನಲ್ಲಿದ್ದಾನೆ. ಆದುದರಿಂದ ಊರಿನೊಳಗೆ ಹೋಗದೆ, ಪೂರ್ವದ ಮಗ್ಗುಲಿನಿಂದ ಸುತ್ತಿ, ಇಲೆಕ್ಟ್ರಾನಿಕ್ ಸಿಟಿ, ವೈಟ್‌ಫೀಲ್ಡುಗಳನ್ನು ನೋಡಿಕೊಂಡು ಪೀಣ್ಯ ಮುಟ್ಟಿ, ಯಶವಂತಪುರದಲ್ಲಿ ರೈಲು ಹತ್ತುವುದೆಂದು ಗೊತ್ತುಮಾಡಿದೆವು.

ಚಂದಾಪುರದಲ್ಲಿ ಹೊಸೂರು ರಸ್ತೆ ಸಿಕ್ಕಿತು. ಜನವರಿಯ ಬೆಳಗು, ಮಂಜು ಇನ್ನೂ ಕರಗಿರಲಿಲ್ಲ. ಅದುವರೆಗೆ ಕರ್ನಾಟಕದ ಉದ್ದಕ್ಕೂ ಸೈಕಲ್ ಸವಾರರೆಂದರೆ ನಾವಿಬ್ಬರೇ ಎಂಬಂತಿತ್ತು. ಶಾಲೆಯ ಮಕ್ಕಳು ಕೈಬೀಸುವುದು, ಹೋಟೆಲಿನವರು "ಎಲ್ಲಿಂದ ಬಂದಿರಿ?" ಎಂದು ಕೇಳಿ ಇನ್ನೊಂದು ದೋಸೆ ಬಡಿಸುವುದು, ಇವೆಲ್ಲ ನಮಗೆ ರೂಢಿಯಾಗಿಬಿಟ್ಟಿದ್ದವು. ಬೊಮ್ಮಸಂದ್ರದ ಬಳಿ ಆ ಗೌರವವೆಲ್ಲ ಒಮ್ಮೆಗೇ ಮಾಯವಾಯಿತು. ನಮ್ಮ ಹಿಂದೆ ಮುಂದೆ, ಎಡಕ್ಕೆ ಬಲಕ್ಕೆ, ಸೈಕಲ್ಲುಗಳೇ ಸೈಕಲ್ಲುಗಳು! ಕಾರ್ಖಾನೆಯ ಬೆಳಗಿನ ಪಾಳಿಗೆ ಹೋಗುವವರು, ರಾತ್ರಿಯ ಪಾಳಿ ಮುಗಿಸಿ ಮರಳುವ ಕಾವಲುಗಾರರು. ಹ್ಯಾಂಡಲಿಗೆ ಬುತ್ತಿಯ ಚೀಲ, ಕಿವಿಗೆ ಮಫ್ಲರು. ಒಡಿಯಾ, ಹಿಂದಿ, ಅಸ್ಸಾಮಿ ಮಾತುಗಳು ಮಂಜಿನಲ್ಲಿ ತೇಲಿಬರುತ್ತಿದ್ದವು. ನಮ್ಮ ಕಡೆಗೆ ಯಾರೂ ಕಣ್ಣೆತ್ತಿ ನೋಡಲಿಲ್ಲ. ಹೊತ್ತಿಗೆ ಸರಿಯಾಗಿ ಗೇಟು ದಾಟಬೇಕಾದವರಿಗೆ ನೋಡಲು ಪುರಸೊತ್ತೆಲ್ಲಿ?

ಅವರನ್ನು ಅನುಸರಿಸಿ ನಾವು ಕಲಿತದ್ದು ಬಹಳ. ಎಲ್ಲಿ ಸೇವಾ ರಸ್ತೆಯನ್ನು ಬಿಡಬೇಕು, ಎಲ್ಲಿ ಸೈಕಲ್ಲನ್ನು ಎತ್ತಿ ನಡುಗಟ್ಟೆ ದಾಟಬೇಕು, ಬಸ್ಸು ನಿಂತಾಗ ಅದರ ಯಾವ ಪಕ್ಕಕ್ಕೆ ಸರಿಯಬೇಕು ಎಂಬುದಕ್ಕೆಲ್ಲ ಅವರಲ್ಲಿ ಒಂದು ಶಾಸ್ತ್ರವೇ ಇದೆ. ಯಾವ ನಕಾಶೆಯಲ್ಲಿಯೂ ಇಲ್ಲದ ಶಾಸ್ತ್ರ. ತಲೆಯ ಮೇಲೆ ಹಳದಿ ಮಾರ್ಗದ ಮೆಟ್ರೋ ಸಾಗುತ್ತದೆ. 2025ರ ಆಗಸ್ಟಿನಲ್ಲಿ ಅದು ಬೊಮ್ಮಸಂದ್ರದವರೆಗೆ ಬಂದಿತು. ಇಲೆಕ್ಟ್ರಾನಿಕ್ ಸಿಟಿಯಿಂದ ಸಿಲ್ಕ್ ಬೋರ್ಡಿನ ಕಡೆಗೆ 2010ರಿಂದಲೂ ಸುಮಾರು ಹತ್ತು ಕಿಲೋಮೀಟರು ಉದ್ದದ ಮೇಲ್ಸೇತುವೆಯಿದೆ. ಅವಸರದವರಿಗೆಲ್ಲ ಮೇಲೆ ದಾರಿ, ಸೈಕಲ್ಲಿನವರಿಗೆ ಕೆಳಗೆ.

ಇಲೆಕ್ಟ್ರಾನಿಕ್ ಸಿಟಿ ಎಂಬ ಹೆಸರು ಕೇಳಿ ಅದು ಇತ್ತೀಚಿನ ಕಂಪ್ಯೂಟರ್ ಯುಗದ ಸೃಷ್ಟಿಯೆಂದು ಭಾವಿಸುವವರುಂಟು. ಅದರ ಕಲ್ಪನೆ 1970ರ ದಶಕದ್ದು. 1976ರಲ್ಲಿ ರಾಜ್ಯ ಸರ್ಕಾರ ಸ್ಥಾಪಿಸಿದ ಕಿಯೋನಿಕ್ಸ್ ಸಂಸ್ಥೆಯ ಮೊದಲ ಅಧ್ಯಕ್ಷರಾದ ಆರ್. ಕೆ. ಬಾಳಿಗರು ಕೋನಪ್ಪನ ಅಗ್ರಹಾರ, ದೊಡ್ಡತೋಗೂರು ಗ್ರಾಮಗಳ 332 ಎಕರೆ ನೆಲದಲ್ಲಿ ಇಲೆಕ್ಟ್ರಾನಿಕ್ಸ್ ಉದ್ಯಮಗಳದೇ ಒಂದು ಊರನ್ನು ಕಟ್ಟಲು ಕನಸು ಕಂಡರು. ಹೊಲಗಳ ನಡುವೆ, ಪಟ್ಟಣದಿಂದ ಅಷ್ಟು ದೂರ, ಯಾರು ಬಂದು ಕಾರ್ಖಾನೆ ತೆರೆದಾರು ಎಂದು ಅಂದಿನವರಿಗೆ ಅನ್ನಿಸಿದ್ದರೆ ಆಶ್ಚರ್ಯವಿಲ್ಲ. ಇಂದು ಅಲ್ಲಿಯ ಗಾಜಿನ ಸೌಧಗಳ ನಡುವಣ ಬೀದಿಗಳಲ್ಲಿ ಮರಗಳು ತಲೆಗೆ ತಲೆ ಕೂಡಿಸಿವೆ. ರಸ್ತೆ ನುಣುಪು, ನೆರಳು ತಂಪು. ಒಂದು ಕಂಪನಿಯ ಆವರಣದೊಳಗೆ ಉದ್ಯೋಗಿಗಳು ಕಟ್ಟಡದಿಂದ ಕಟ್ಟಡಕ್ಕೆ ಹೋಗಲು ಸೈಕಲ್ಲುಗಳನ್ನು ಸಾಲಾಗಿ ನಿಲ್ಲಿಸಿದ್ದುದು ಬೇಲಿಯ ಈಚೆಯಿಂದ ಕಂಡಿತು. ಒಳಗೆ ಸೈಕಲ್ಲು ಉಲ್ಲಾಸಕ್ಕೆ, ಹೊರಗೆ ಹೊಟ್ಟೆಗೆ.

ಆ ರಾತ್ರಿ ದೊಡ್ಡತೋಗೂರಿನ ಒಂದು ವಸತಿಗೃಹದಲ್ಲಿ ತಂಗಿ, ಮರುದಿನ ಬೆಳಗಾಗುವ ಮುನ್ನವೇ ಒಳದಾರಿಯಿಂದ ಬೇಗೂರಿಗೆ ಹೋಗಿ ಬಂದೆವು. ನನ್ನ ಮೊಣಕಾಲಿನ ದೃಷ್ಟಿಯಿಂದ ಅದೊಂದು ಅಧಿಕಪ್ರಸಂಗ. ಆದರೆ ಬೆಂಗಳೂರಿನ ಹೆಸರು ಮೊದಲು ಕಾಣಸಿಗುವ ಕಲ್ಲು ಅಷ್ಟು ಸಮೀಪದಲ್ಲಿರುವಾಗ ನೋಡದೆ ಹೋಗುವುದು ಹೇಗೆ? ಪಂಚಲಿಂಗ ನಾಗೇಶ್ವರ ದೇವಾಲಯದ ಪ್ರಾಕಾರದಲ್ಲಿ ಆ ಶಾಸನವಿದೆ, ಸುಮಾರು ಕ್ರಿ.ಶ. 890ರ ಕಾಲದ್ದು, ಹಳಗನ್ನಡದ್ದು. ಬೆಂಗಳೂರು ಕಾಳಗದಲ್ಲಿ ನಾಗತ್ತರನ ಮಗ ಮಡಿದನೆಂಬುದು ಅದರ ಸಾರ. ಕೆಂಪೇಗೌಡರ ಊರಿಗಿಂತ ಆರು ನೂರು ವರ್ಷಗಳಿಗೂ ಹಿಂದಿನ ಬೆಂಗಳೂರು! ಅಕ್ಷರಗಳ ಮೇಲೆ ಇವರು ಬೆರಳಾಡಿಸಿ, "ಕೆತ್ತಿದವ ಚಲೋ ಕಸುಬುದಾರ ನೋಡು, ಸಾಲು ಎಲ್ಲೂ ಡೊಂಕಾಗಿಲ್ಲ" ಎಂದರು. ಶಾಸನ ಓದುವವರು ಇತಿಹಾಸ ನೋಡುತ್ತಾರೆ, ಟರ್ನರುಗಳು ಉಳಿಯ ಹೊಡೆತ ನೋಡುತ್ತಾರೆ.

ಇಲೆಕ್ಟ್ರಾನಿಕ್ ಸಿಟಿಗೆ ಮರಳಿ ಗಂಟು ಕಟ್ಟಿಕೊಂಡು ಹುಸ್ಕೂರು ಗೇಟಿನಿಂದ ಒಳಹೊಕ್ಕೆವು. ಹುಸ್ಕೂರಿನ ಮದ್ದೂರಮ್ಮನ ಜಾತ್ರೆ ಪ್ರಸಿದ್ಧ. ಸುತ್ತಣ ಗ್ರಾಮಗಳವರು ಗೋಪುರದಂತೆ ಮುಗಿಲೆತ್ತರದ ತೇರುಗಳನ್ನು ಕಟ್ಟಿ ಎಳೆದು ತರುತ್ತಾರೆ. 2025ರ ಮಾರ್ಚಿನಲ್ಲಿ ಗಾಳಿಮಳೆಗೆ ಸಿಕ್ಕಿ ತೇರುಗಳು ಉರುಳಿ ಪ್ರಾಣಹಾನಿಯಾಯಿತು. ನಾವು ಹೋದಾಗ ಗುಡಿ ಶಾಂತವಾಗಿತ್ತು. ಅಲ್ಲಿಂದ ಮುತ್ತಾನಲ್ಲೂರು, ದೊಮ್ಮಸಂದ್ರ, ಗುಂಜೂರುಗಳ ಮೂಲಕ ವರ್ತೂರು. ಈ ದಾರಿಯಲ್ಲಿ ಊರಿಗೂ ಹೊಲಕ್ಕೂ ಜಗಳ ಇನ್ನೂ ಮುಗಿದಿಲ್ಲ. ಒಂದೆಡೆ ಹದಿನೆಂಟು ಅಂತಸ್ತಿನ ಕಟ್ಟಡ, ಅದರ ಬುಡದಲ್ಲಿಯೇ ರಾಗಿ ಕೊಯ್ದ ಕೂಳೆ. ಮಾರುದ್ದದಲ್ಲಿ ಅವರೆಕಾಯಿಯ ರಾಶಿ ಹಾಕಿಕೊಂಡು ಕುಳಿತ ಅಜ್ಜಿ. ಸೊಗಡು ಅವರೆ! ಮೂಗಿಗೆ ಬಡಿಯುವ ಆ ಪರಿಮಳಕ್ಕೆ ಸೋತು ಎರಡು ಸೇರು ಕೊಂಡೆ. ಸೈಕಲ್ಲಿನ ಮೇಲೆ ಎರಡು ಸೇರು ಅವರೆಕಾಯಿ ಏಕೆಂದು ಇವರು ಕೇಳಿದರು. ಅಣ್ಣನ ಮಗನ ಮನೆಗೆ ಬರಿಗೈಯಲ್ಲಿ ಹೋಗುವುದುಂಟೆ?

ಗುಂಜೂರಿನ ಈಚೆ ಕಟ್ಟಡವೊಂದರ ಬಳಿ ನೆರಳಿಗೆ ನಿಂತೆವು. ಮರಳು ಜರಡಿ ಹಿಡಿಯುತ್ತಿದ್ದ ಹೆಂಗಸರ ಮಾತು ಕಿವಿಗೆ ಬಿದ್ದಾಗ ನನಗೆ ತವರು ಕಂಡಂತಾಯಿತು.

"ಯಾವ ಕಡೆಯವ್ರವ್ವಾ ನೀವು?" ಎಂದೆ.

"ಯಾದಗಿರಿ ಕಡೆಯವ್ರರೀ, ಶಹಾಪುರ ತಾಲೂಕ. ನೀವ?"

"ಧಾರವಾಡ. ಸೈಕಲ್ ಮ್ಯಾಲ ಬಂದೀವಿ."

ಅವರಲ್ಲಿ ಹಿರಿಯಳು ನನ್ನ ಸೈಕಲ್ಲನ್ನೂ ನನ್ನನ್ನೂ ಮಾರಿಮಾರಿ ನೋಡಿ, "ಯಾಕವ್ವಾ, ಬಸ್ಸಿಗೆ ರೊಕ್ಕ ಇರಲಿಲ್ಲೇನು?" ಎಂದಳು. ಈಗ ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟಿಗೆ ದುಡ್ಡು ಕೊಡಬೇಕಾಗಿಲ್ಲವೆಂಬುದನ್ನೂ ನೆನಪು ಮಾಡಿಕೊಟ್ಟಳು. ಉತ್ತರ ಹೇಳಲು ನಾನು ತಡವರಿಸುತ್ತಿರುವಷ್ಟರಲ್ಲಿ ಅವಳೇ ನನ್ನ ಮೊಣಕಾಲಿನ ಪಟ್ಟಿಯನ್ನು ಕಂಡು, ಎಕ್ಕದ ಎಲೆಗೆ ಎಣ್ಣೆ ಸವರಿ ಬೆಚ್ಚಗೆ ಮಾಡಿ ಕಟ್ಟಬೇಕೆಂದು ಹೇಳಿದಳು. ಅವಳ ಗಂಡನ ಸೈಕಲ್ಲು ಗೋಡೆಗೆ ಒರಗಿತ್ತು. ಅವನು ದಿನವೂ ಕೆಲಸಕ್ಕೆ ಅದರಲ್ಲಿಯೇ ಬರುತ್ತಾನೆ, ಅವಳು ಹಿಂದಿನ ಕ್ಯಾರಿಯರಿನ ಮೇಲೆ. ಹೋದ ಮಳೆಗಾಲದಲ್ಲಿ ಒಂದು ಇರುಳು ಕಾರೊಂದು ಅವರಿಬ್ಬರನ್ನೂ ಚರಂಡಿಗೆ ತಳ್ಳಿ ನಿಲ್ಲದೆ ಹೋಯಿತಂತೆ. ಇದನ್ನು ಆಕೆ ಮಳೆ ಬಂತು, ಬಿಸಿಲು ಬಿತ್ತು ಎಂದು ಹೇಳುವ ಧಾಟಿಯಲ್ಲಿಯೇ ಹೇಳಿದಳು. ಇವರು ಅದನ್ನು ಕೇಳಿಸಿಕೊಂಡರು. ಆಮೇಲೆ ವರ್ತೂರಿನವರೆಗೂ ಮಾತಿಲ್ಲ.

ವರ್ತೂರು ಕೆರೆಯ ಹೆಸರು ದೇಶಕ್ಕೆಲ್ಲ ತಿಳಿದದ್ದು ನೊರೆಯಿಂದ. 2015ರ ಸುಮಾರಿಗೆ ಕೋಡಿಯಿಂದೆದ್ದ ನೊರೆ ರಸ್ತೆಗೆ ಹಾರಿ ಬರುತ್ತಿದ್ದ ಚಿತ್ರಗಳನ್ನು ಎಲ್ಲರೂ ನೋಡಿದ್ದೇವೆ. ಇದರ ಮೇಲ್ದಂಡೆಯ ಬೆಳ್ಳಂದೂರು ಕೆರೆಯಲ್ಲಿ ಬೆಂಕಿಯೇ ಎದ್ದಿತು. ನೀರಿಗೆ ಬೆಂಕಿ ಹತ್ತುವುದೆಂಬುದು ಗಾದೆಯಲ್ಲಿ ಮಾತ್ರ ಎಂದುಕೊಂಡಿದ್ದ ಕಾಲವೊಂದಿತ್ತು. ಈಚಿನ ವರ್ಷಗಳಲ್ಲಿ ಹೂಳೆತ್ತುವ ಕೆಲಸ ನಡೆದಿದೆ. ಆ ಕೋಡಿಯ ಬಳಿ ನಾವು ನಿಲ್ಲಲಿಲ್ಲ. ವಾಹನಗಳ ಸಾಲು ಅಷ್ಟಿತ್ತು. ಆದರೆ ಆ ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ಹೋದವರು ನಾವೇ.

ವೈಟ್‌ಫೀಲ್ಡಿನಲ್ಲಿ ಅಣ್ಣನ ಮಗನಿರುವ ವಸತಿ ಸಮುಚ್ಚಯದ ಮಹಾದ್ವಾರಕ್ಕೆ ಬಂದಾಗ ಕಾವಲಿನ ತರುಣ ಕೈ ಅಡ್ಡ ಹಿಡಿದ.

"ಸೈಕಲ್ ಹಿಂದಿನ ಗೇಟಿಗೆ ಹೋಗ್ಬೇಕು ಆಂಟಿ. ಡೆಲಿವರಿಯವರಿಗೆ, ಕೆಲಸದವರಿಗೆ ಆ ಕಡೆ."

ನಾವು ಅತಿಥಿಗಳೆಂದು ಇವರು ಹೇಳಿದರು. ಧೂಳು ಹಿಡಿದ ನಮ್ಮ ಬಟ್ಟೆಗಳನ್ನೂ, ಹ್ಯಾಂಡಲಿಗೆ ತೂಗುಬಿದ್ದ ಅವರೆಕಾಯಿಯ ಚೀಲವನ್ನೂ ನೋಡಿ ಅವನಿಗೆ ನಂಬಿಕೆ ಹುಟ್ಟಲಿಲ್ಲ. ಅವನ ತಪ್ಪೇನಿದೆ? ಕಾರಿನಲ್ಲಿ ಬಂದವರಿಗೆ ಸಲಾಮು ಹೊಡೆಯಬೇಕು, ಸೈಕಲ್ಲಿನವರನ್ನು ಹಿಂದಕ್ಕೆ ಕಳುಹಿಸಬೇಕು ಎಂದು ಯಾರೋ ಅವನಿಗೆ ಹೇಳಿಕೊಟ್ಟಿದ್ದಾರೆ. ಹಿಂದಿನ ಗೇಟಿಗೇ ಹೋದೆವು. ಅಲ್ಲಿ ಗೋಡೆಯ ಉದ್ದಕ್ಕೂ ಇಪ್ಪತ್ತು ಮೂವತ್ತು ಸೈಕಲ್ಲುಗಳು ನಿಂತಿದ್ದವು. ಮನೆಗೆಲಸದವರದು, ತೋಟದವರದು, ಕಾವಲಿನವರದು. ಮರುದಿನ ನೋಡುತ್ತೇನೆ, ಆ ತರುಣನದೂ ಅವುಗಳಲ್ಲೊಂದು!

ಅಣ್ಣನ ಮಗ ನಾಚಿಕೆಯಿಂದ ಕ್ಷಮೆ ಕೇಳಿದ. ಸೊಸೆ ಅವರೆಕಾಳನ್ನು ನೆನೆಹಾಕಿ ಹಿಸುಕಿ, ಹಿಸುಕಿದ ಬೇಳೆಯ ಸಾರು ಮಾಡಿದಳು. "ಅತ್ತೆ, ಇಷ್ಟು ಸಾಕು. ನಾನೇ ಕಾರಿನಲ್ಲಿ ಯಶವಂತಪುರಕ್ಕೆ ಬಿಡುತ್ತೇನೆ, ಸೈಕಲ್ಲುಗಳನ್ನು ಆಮೇಲೆ ಕಳಿಸುತ್ತೇನೆ" ಎಂದು ಹುಡುಗ ಎರಡು ಬಾರಿ ಹೇಳಿದ. ನನ್ನ ಮೊಣಕಾಲು ಅವನ ಪರವಾಗಿತ್ತು. ನಾನು ಇವರ ಮುಖ ನೋಡಿದೆ. ಇವರು ಸಾರಿನ ಬಟ್ಟಲನ್ನು ನೋಡುತ್ತಿದ್ದರು. "ಒಂದು ದಿನ ವಿಶ್ರಾಂತಿ ತೆಗೆದುಕೊಂಡು ಹೊರಡುತ್ತೇವೆ" ಎಂದೆ.

ಆ ವಿಶ್ರಾಂತಿಯ ದಿನ ಸಂಜೆ ಆಟೊ ಮಾಡಿಕೊಂಡು ಹಳೆಯ ವೈಟ್‌ಫೀಲ್ಡನ್ನು ನೋಡಿಬಂದೆವು. 1882ರಲ್ಲಿ ಮೈಸೂರಿನ ಚಾಮರಾಜೇಂದ್ರ ಒಡೆಯರು ಯುರೇಷಿಯನ್ ಮತ್ತು ಆಂಗ್ಲೋ ಇಂಡಿಯನ್ ಸಂಘಕ್ಕೆ 3,900 ಎಕರೆ ಭೂಮಿಯನ್ನು ಕೃಷಿ ಗ್ರಾಮಗಳಿಗಾಗಿ ನೀಡಿದರು. ಸಂಘವನ್ನು ಕಟ್ಟಿದ ಡಿ. ಎಸ್. ವೈಟ್ ಅವರ ಹೆಸರೇ ಊರಿಗೆ ನಿಂತಿತು. ನಡುವೆ ಬಯಲು, ಅದರ ಸುತ್ತ ಬಳೆಯಂತೆ ಒಂದು ಬೀದಿ, ಅದರ ಹೊರಗೆ ಇನ್ನೊಂದು ಬಳೆ. ಇನ್ನರ್ ಸರ್ಕಲ್, ಔಟರ್ ಸರ್ಕಲ್ ಎಂಬ ಆ ಬೀದಿಗಳು ಇಂದಿಗೂ ಇವೆ. ಹೆಂಚಿನ ಮಾಡಿನ ಬಂಗಲೆಗಳು ಬೆರಳೆಣಿಕೆಯಷ್ಟು ಉಳಿದಿವೆ. ತರುಣ ಚರ್ಚಿಲ್ 1896ರಲ್ಲಿ ಬೆಂಗಳೂರಿನ ದಂಡಿನಲ್ಲಿದ್ದಾಗ ಇಲ್ಲಿಯ ವೇವರ್ಲಿ ಇನ್ನಿನ ಒಡೆಯನ ಮಗಳಿಗಾಗಿ ಬರುತ್ತಿದ್ದನೆಂಬ ಕಥೆಯನ್ನು ಹೇಳದ ವೈಟ್‌ಫೀಲ್ಡಿಗನಿಲ್ಲ. ಕಥೆ ರಸವತ್ತಾಗಿದೆ, ಸಾಕ್ಷ್ಯ ಕೇಳಬಾರದು. ನೆಲವನ್ನು ಉತ್ತು ಬಾಳಬೇಕೆಂದು ಬಂದವರ ಊರಿನ ಪಕ್ಕದಲ್ಲಿಯೇ ನೂರು ವರ್ಷಗಳ ಮೇಲೆ, 1990ರ ದಶಕದಲ್ಲಿ, ಸಿಂಗಪುರದ ಸಹಭಾಗಿತ್ವದ ಟೆಕ್ ಪಾರ್ಕ್ ಎದ್ದಿತು. ಆಮೇಲಿನದನ್ನು ವಾಚಕರು ಬಲ್ಲರು.

2023ರ ಮಾರ್ಚಿನಲ್ಲಿ ಇಲ್ಲಿಗೆ ಮೆಟ್ರೋ ಬಂದಿತು. ಅದರಲ್ಲಿ ಸೈಕಲ್ಲನ್ನು ಒಯ್ಯಬಹುದೇ ಎಂದು ವಿಚಾರಿಸಿದೆ. ಮಡಚುವ ಸೈಕಲ್ಲಾದರೆ ಸರಿ. ಮೊಣಕಾಲೇ ಮಡಚದ ನನಗೆ ಮಡಚುವ ಸೈಕಲ್ಲೆಲ್ಲಿಂದ ಬರಬೇಕು? 2020ರಲ್ಲಿ ಹೊರವರ್ತುಲ ರಸ್ತೆಯಲ್ಲಿ ಸೈಕಲ್ಲಿಗೆಂದೇ ಒಂದು ಪಟ್ಟಿಯನ್ನು ಬೇರ್ಪಡಿಸಿ ಗೂಟ ನೆಟ್ಟಿದ್ದರಂತೆ. ಅಣ್ಣನ ಮಗನೂ ಅದರ ಮೇಲೆ ಕೆಲವು ಬಾರಿ ಕಚೇರಿಗೆ ಹೋಗಿದ್ದನಂತೆ. ಮೆಟ್ರೋ ಕಾಮಗಾರಿ ಬಂದ ಮೇಲೆ ಗೂಟಗಳೂ ಹೋದವು, ಅವನ ಸೈಕಲ್ಲೂ ಬಾಲ್ಕನಿ ಸೇರಿತು. ಈಗ ಅದಕ್ಕೆ ಬಟ್ಟೆ ಒಣಹಾಕುತ್ತಾರೆ.

ನಾಲ್ಕನೆಯ ದಿನದ ದಾರಿ ಕಾಡುಗೋಡಿ, ಬೂದಿಗೆರೆ, ಬಾಗಲೂರು, ಯಲಹಂಕ. ಬೂದಿಗೆರೆಯವರೆಗೆ ಹಿತವಾಗಿತ್ತು. ದ್ರಾಕ್ಷಿತೋಟ, ನೀಲಗಿರಿ ತೋಪು, ಅಲ್ಲಲ್ಲಿ ಹೊಸ ಬಡಾವಣೆಗಳ ಕಮಾನು. ಬಾಗಲೂರಿನಿಂದಾಚೆ ಜಲ್ಲಿ ಸಾಗಿಸುವ ಲಾರಿಗಳು ಒಂದರ ಹಿಂದೊಂದು ಬರತೊಡಗಿದವು. ನಾನು ಮುಂದೆ, ಇವರು ಹಿಂದೆ. ಯಲಹಂಕ ಇನ್ನು ನಾಲ್ಕು ಕಿಲೋಮೀಟರು ಇರುವಾಗ ಒಂದು ಲಾರಿ ನನ್ನ ಭುಜದ ಪಕ್ಕದಲ್ಲಿಯೇ ಹಾದುಹೋಯಿತು. ಮುಟ್ಟಲಿಲ್ಲ. ಅದರ ಗಾಳಿಯೇ ನನ್ನನ್ನು ರಸ್ತೆಯಂಚಿನ ಮಣ್ಣಿಗೆ ತಳ್ಳಿತು. ಸೈಕಲ್ಲು ಹೊರಳಿತು, ನಾನು ಕಾಲೂರಿ ನಿಂತೆ. ಅಂಗೈ ಕೂಡ ತರಚಲಿಲ್ಲ. ಹಿಂದಿರುಗಿ ನೋಡಿದರೆ ಇವರು ಸೈಕಲ್ಲನ್ನು ಕೈಬಿಟ್ಟು ಓಡಿ ಬರುತ್ತಿದ್ದಾರೆ, ಮುಖದಲ್ಲಿ ರಕ್ತವಿಲ್ಲ.

"ಸಾಕು," ಎಂದರು.

"ನನಗೇನೂ ಆಗಿಲ್ಲರೀ."

"ಸಾಕು ಅಂದೆ."

ಇಪ್ಪತ್ತೊಂಬತ್ತು ದಿನ ನಾನು ನಾಲಿಗೆಯ ಮೇಲಿಟ್ಟುಕೊಂಡಿದ್ದ ಮಾತನ್ನು ಇವರು ಆಡಿಬಿಟ್ಟರು. ಅದೂ ಪೀಣ್ಯ ಒಂದು ಗಳಿಗೆಯ ದೂರದಲ್ಲಿರುವಾಗ. ಕರಾರಿನಂತೆ ನಾನು ವಾದ ಮಾಡುವಂತಿರಲಿಲ್ಲ. ಮುಖ ಸಣ್ಣದು ಮಾಡಿಕೊಳ್ಳಬಾರದೆಂಬ ಷರತ್ತನ್ನು ಮಾತ್ರ ಪಾಲಿಸಿದೆನೆಂದು ಹೇಳಲಾರೆ. ಸೈಕಲ್ಲುಗಳನ್ನು ತಳ್ಳಿಕೊಂಡು ಯಲಹಂಕ ಸೇರಿದೆವು. ರಾತ್ರಿ ಇವರು ಬಹಳ ಹೊತ್ತು ಮಲಗಲಿಲ್ಲ. "ಆ ಯಾದಗಿರಿ ಅವ್ವ ದಿನಾ ಹಿಂಗs ಹೋಗತಾಳ" ಎಂದಷ್ಟೇ ಒಮ್ಮೆ ಹೇಳಿದರು.

ಬೆಳಿಗ್ಗೆ ಒಂದು ಸರಕು ಆಟೊ ಗೊತ್ತುಮಾಡಿ ಎರಡೂ ಸೈಕಲ್ಲುಗಳನ್ನು ಹಿಂದೆ ಹಗ್ಗದಿಂದ ಬಿಗಿದು, ನಾವಿಬ್ಬರೂ ಚಾಲಕನ ಪಕ್ಕದಲ್ಲಿ ಮುದುರಿಕೊಂಡು ಕುಳಿತೆವು. ಜಾಲಹಳ್ಳಿ ಬಂದಿತು. ಇಲ್ಲಿಯ ಎಚ್.ಎಂ.ಟಿ. ಆರಂಭವಾದುದು 1953ರಲ್ಲಿ, ಪಕ್ಕದ ಬಿ.ಇ.ಎಲ್. ಮರುವರ್ಷ. ಊರಿನ ಪೂರ್ವಕ್ಕೆ ಎಚ್.ಎ.ಎಲ್., ಐ.ಟಿ.ಐ.ಗಳು ಅದಕ್ಕೂ ಹಿಂದಿನವು. ಪಾಳಿ ಬಿಡುವ ಹೊತ್ತಿಗೆ ಈ ಕಾರ್ಖಾನೆಗಳ ಬಾಗಿಲಿನಿಂದ ಸೈಕಲ್ಲುಗಳು ಹೊಳೆಯಂತೆ ಹರಿದು ಬರುತ್ತಿದ್ದ ದೃಶ್ಯವನ್ನು ಹಳಬರು ಇಂದಿಗೂ ವರ್ಣಿಸುತ್ತಾರೆ. ಬೆಂಗಳೂರಿನ ಎಷ್ಟೋ ಸಂಸಾರಗಳ ಮೊದಲ ಮನೆ, ಮಕ್ಕಳ ಓದು, ಮದುವೆ, ಎಲ್ಲವೂ ಆ ಎರಡು ಚಕ್ರಗಳ ಮೇಲೆಯೇ ಉರುಳಿಬಂದವು. ಎಚ್.ಎಂ.ಟಿ. ಕೈಗಡಿಯಾರಗಳ ತಯಾರಿಕೆ 1961ರಲ್ಲಿ ಮೊದಲಾಯಿತು. ಮದುವೆಯಲ್ಲಿ ನಮ್ಮ ತಂದೆ ಇವರಿಗೆ ಕೊಟ್ಟದ್ದು ಕೀಲಿ ಕೊಡುವ 'ಜನತಾ' ಗಡಿಯಾರ. ಯಾತ್ರೆಯುದ್ದಕ್ಕೂ ಇವರ ಕೈಯಲ್ಲಿದ್ದುದು ಅದೇ. ಕೈಗಡಿಯಾರದ ಕಂಪನಿಯನ್ನು ಮುಚ್ಚುವ ನಿರ್ಧಾರ 2016ರಲ್ಲಿ ಹೊರಬಿದ್ದಿತು. ಈಗ ಜಾಲಹಳ್ಳಿಯ ಹಳೆಯ ಬಂಗಲೆಯೊಂದರಲ್ಲಿ ಎಚ್.ಎಂ.ಟಿ.ಯ ವಸ್ತುಸಂಗ್ರಹಾಲಯವಿದೆ. ಅದರ ಗಾಜಿನ ಪೆಟ್ಟಿಗೆಯೊಳಗೆ ಕೈಗಡಿಯಾರಗಳ ಸಾಲು ಕಂಡು ಇವರು ತಮ್ಮ ಮಣಿಕಟ್ಟನ್ನು ಅದರ ಪಕ್ಕಕ್ಕೆ ಹಿಡಿದು, "ನಮ್ಮದು ಇನ್ನೂ ನಡೀತದ" ಎಂದು ಅಲ್ಲಿದ್ದವರಿಗೆ ಹೇಳಿ ಬಂದರು.

ಮಧ್ಯಾಹ್ನ ಪೀಣ್ಯ. 1970ರ ದಶಕದಲ್ಲಿ ಸಣ್ಣ ಕೈಗಾರಿಕೆಗಳಿಗಾಗಿ ರೂಪುಗೊಂಡ ಈ ಪ್ರದೇಶ ಏಷ್ಯದ ದೊಡ್ಡ ಕೈಗಾರಿಕಾ ವಲಯಗಳಲ್ಲಿ ಒಂದೆಂದು ಹೆಸರಾಗಿದೆ. ದೊಡ್ಡದೆಂದರೆ ಒಂದೇ ದೊಡ್ಡ ಕಾರ್ಖಾನೆಯಲ್ಲ. ಸಾವಿರಾರು ಪುಟ್ಟ ಪುಟ್ಟ ಶೆಡ್ಡುಗಳು. ಒಂದರಲ್ಲಿ ಲೇತ್, ಇನ್ನೊಂದರಲ್ಲಿ ಗ್ರೈಂಡಿಂಗ್, ಮಗದೊಂದರಲ್ಲಿ ಮುಲಾಮು ಹಾಕುವುದು, ಅದರಾಚೆ ಸಿದ್ಧ ಉಡುಪಿನ ಹೊಲಿಗೆ. ಒಂದು ಶೆಡ್ಡಿನಲ್ಲಿ ಕಡೆದ ತುಂಡು ಮೂರು ನಾಲ್ಕು ಶೆಡ್ಡುಗಳನ್ನು ದಾಟಿ ಪೂರ್ಣವಾಗುತ್ತದೆ. ಆ ದಾಟುವಿಕೆ ಬಹಳ ಕಾಲ ಸೈಕಲ್ಲಿನ ಕ್ಯಾರಿಯರಿನ ಮೇಲೆಯೇ ನಡೆಯುತ್ತಿತ್ತು. ಎರಡು ಮಣ ಕಬ್ಬಿಣದ ತುಂಡುಗಳನ್ನು ಕಟ್ಟಿಕೊಂಡು ಎರಡನೆಯ ಹಂತದಿಂದ ನಾಲ್ಕನೆಯ ಹಂತಕ್ಕೆ ತುಳಿದು ಹೋಗುತ್ತಿದ್ದ ಕಥೆಯನ್ನು ನಾನು ಮದುವೆಯಾದಂದಿನಿಂದ ಕೇಳುತ್ತ ಬಂದವಳು. ಗಾಳಿಯಲ್ಲಿ ಎಣ್ಣೆಯ, ಕಾದ ಲೋಹದ ವಾಸನೆ ಬಂದೊಡನೆ ಇವರು ಆಟೊ ನಿಲ್ಲಿಸಲು ಹೇಳಿದರು. ಅದೇ ಹೊತ್ತಿಗೆ ಎಲ್ಲಿಯೋ ಪಾಳಿ ಬಿಟ್ಟಿತು. ರಸ್ತೆಯ ತುಂಬ ಜನ; ಬೈಕುಗಳ ನಡುವೆ ಸೈಕಲ್ಲುಗಳೂ ಹತ್ತಾರು.

ಇವರು ಹಿಂದಕ್ಕೆ ಹೋಗಿ ಹಗ್ಗ ಬಿಚ್ಚತೊಡಗಿದರು.

"ಸಾಕು ಅಂದಿದ್ದಿರಲ್ಲ?" ಎಂದೆ.

"ನೀ ಆಟೊದಾಗ ಬಾ. ಇಲ್ಲಿ ಮಾತ್ರ ನಾ ಸೈಕಲ್ ಮ್ಯಾಲ ಹೋಗತೀನಿ."

ನಾನು ಉತ್ತರ ಕೊಡಲಿಲ್ಲ. ನನ್ನ ಸೈಕಲ್ಲಿನ ಹಗ್ಗವನ್ನೂ ಬಿಚ್ಚಿದೆ. ಚಾಲಕ ನಮ್ಮಿಬ್ಬರನ್ನೂ ಒಂದು ಕ್ಷಣ ನೋಡಿ, ಬಾಡಿಗೆ ಪಡೆದು ಹೊರಟುಹೋದ. ಗುಂಪಿನೊಡನೆ ನಿಧಾನವಾಗಿ ತುಳಿಯುತ್ತ ಎರಡನೆಯ ಹಂತದ ಅಡ್ಡರಸ್ತೆಗಳಲ್ಲಿ ತಿರುಗಿದೆವು. ಈ ಬಾರಿ ಇವರು ಮುಂದೆ, ನಾನು ಹಿಂದೆ. ಮೂರು ಬಾರಿ ದಾರಿ ತಪ್ಪಿತು. ನಾಲ್ಕನೆಯ ತಿರುವಿನಲ್ಲಿ ಶೆಡ್ಡು ಸಿಕ್ಕಿತು. ಹೆಸರಿನ ಹಲಗೆ ಬೇರೆ, ಛಾವಣಿ ಹೊಸತು. ಬಾಗಿಲಿನ ಬಳಿಯ ಕಲ್ಲಿನ ಮೆಟ್ಟಿಲು ಮಾತ್ರ ಅದೇ ಎಂದು ಇವರು ಹೇಳಿದರು. ಒಳಗೆ ಕಂಪ್ಯೂಟರು ನಡೆಸುವ ಎರಡು ಲೇತ್‌ಗಳು, ಮೂಲೆಯಲ್ಲಿ ಕೈಯಿಂದ ನಡೆಸುವ ಹಳೆಯದೊಂದು. ಬಿಹಾರದ ಹುಡುಗನೊಬ್ಬ ಕೆಲಸದಲ್ಲಿದ್ದ. ಮಾಲೀಕರು ಸಜ್ಜನರು, ಇಂಥವನೆಂದು ಇವರು ಹೇಳಿಕೊಂಡಾಗ ಕುರ್ಚಿ ಹಾಕಿಸಿದರು. ಕೆಲಸದ ಮಾತು ನಡೆಯಿತು. ಆರ್ಡರು ಒಂದು ತಿಂಗಳಿದ್ದರೆ ಇನ್ನೊಂದು ತಿಂಗಳಿಲ್ಲ. ಈ ಕಸುಬಿಗೆ ಊರಿನ ಹುಡುಗರು ಬರುವುದಿಲ್ಲ. ಅವರ ಮಗನೂ ಇಲೆಕ್ಟ್ರಾನಿಕ್ ಸಿಟಿಯಲ್ಲಿದ್ದಾನೆ. ಅಷ್ಟರಲ್ಲಿ ಇವರು ಆಗತಾನೆ ಕಡೆದಿಟ್ಟ ಒಂದು ತುಂಡನ್ನೆತ್ತಿ ಹೆಬ್ಬೆರಳಿನಿಂದ ಸವರಿ, ಮೈಕ್ರೋಮೀಟರ್ ಕೇಳಿ ಅಳೆದರು. ಹುಡುಗ ಪರೀಕ್ಷೆಗೆ ಕುಳಿತವನಂತೆ ನಿಂತಿದ್ದ. "ಚಲೋ ಅದ" ಎಂದು ಇವರು ತುಂಡನ್ನು ಹಿಂದಿರುಗಿಸಿದರು. ಭಾಷೆ ತಿಳಿಯದಿದ್ದರೂ ಅವನು ನಕ್ಕ.

ಸಂಜೆಯಾಗಿತ್ತು. ತುಮಕೂರು ರಸ್ತೆಯ ಮೇಲ್ಸೇತುವೆಯ ಅಡಿಯಲ್ಲಿ, ಪಾಳಿ ಮುಗಿಸಿದವರ ಸಾಲಿನಲ್ಲಿಯೇ, ಎಲ್ಲಿ ತುಳಿಯಬೇಕೋ ಅಲ್ಲಿ ತುಳಿದು ಎಲ್ಲಿ ತಳ್ಳಬೇಕೋ ಅಲ್ಲಿ ತಳ್ಳಿ ಯಶವಂತಪುರ ಸೇರಿದೆವು. ಪಾರ್ಸಲ್ ಕಚೇರಿಯ ಹೊರಗೆ ಗೋಣಿತಟ್ಟು ಸುತ್ತುವವನೊಬ್ಬನಿದ್ದಾನೆ. ಪೆಡಲ್ ಬಿಚ್ಚಿ, ಹ್ಯಾಂಡಲ್ ತಿರುಗಿಸಿ, ಹತ್ತು ನಿಮಿಷದಲ್ಲಿ ಎರಡು ಸೈಕಲ್ಲುಗಳನ್ನೂ ಕಂದಮ್ಮಗಳಂತೆ ಸುತ್ತಿಕೊಟ್ಟ. ಗುಮಾಸ್ತರು ಚೀಟಿ ಬರೆಯುತ್ತ, "ಸಾಮಾನಿನ ಬೆಲೆ ಎಷ್ಟೆಂದು ಹಾಕಲಿ?" ಎಂದರು. ಇವರು ಕೊಂಡ ಬೆಲೆಯನ್ನು ಹೇಳಿದರು. "ಹಳೆಯ ಸೈಕಲ್ಲಿಗೆ ಅಷ್ಟು ಆಗುವುದಿಲ್ಲ ಸ್ವಾಮಿ" ಎಂದು ಗುಮಾಸ್ತರು ತಮಗೆ ಸರಿಕಂಡಷ್ಟು ಬರೆದುಕೊಂಡರು.

ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ಸಿನಲ್ಲಿ ಇವರು ತುಮಕೂರು ಬರುವ ಮುನ್ನವೇ ನಿದ್ದೆಹೋದರು. ಕೆಳಗಿನ ಹಾಸಿಗೆಯಲ್ಲಿ ಕಾಲು ಚಾಚಿಕೊಂಡು ನಾನು ಮೊಣಕಾಲಿಗೆ ಎಣ್ಣೆ ಹಚ್ಚಿದೆ. ಗಡಿಯಾರಕ್ಕೆ ಕೀಲಿ ಕೊಡುವುದನ್ನು ಇವರು ಆ ದಿನ ಮರೆತಿದ್ದರು. ಕೈಯಿಂದ ಬಿಚ್ಚಿ ನಾನೇ ಕೊಟ್ಟು, ತಲೆದಿಂಬಿನ ಪಕ್ಕದಲ್ಲಿಟ್ಟು ದೀಪ ಆರಿಸಿದೆ.